ಮಾಳಿಗೆಯ ಮೇಲೊಂದು ಚಪ್ಪರ

ಕಟ್ಟಡದ ತುತ್ತತುದಿಯ ಮನೆಯಲ್ಲಿ ಒಬ್ಬ ಹೊಲಿಗೆಯವಳಿದ್ದಳು. ನೆತ್ತಿಯ ಮೇಲೆ ಕಾಂಕ್ರೀಟು, ಅದರ ಮೇಲೆ ಸೂರ್ಯ, ನಡುವೆ ಕೇಳುವವರಿಲ್ಲ. ಬೇಸಿಗೆ ಬಂತೆಂದರೆ ಅವಳ ಅತ್ತೆ ಚಾಪೆ ಸುತ್ತಿಕೊಂಡು ಕೆಳಗಿನ ಮೆಟ್ಟಿಲ ನೆರಳಿಗೆ ಇಳಿದುಬಿಡುತ್ತಿದ್ದರು.

ಹೊಲಿಗೆಯವಳದು ಕೆದಕಿ ನೋಡುವ ಸ್ವಭಾವ. ಮಿಷಿನ್ನು ಕೆಟ್ಟರೆ ರಿಪೇರಿಗೆ ಕೊಡುವ ಮೊದಲು ತಾನೇ ಬಿಚ್ಚಿ ಹರಡಿಕೊಂಡು ಕೂರುವವಳು. ಸೆಕೆಗಿಂತ ಅವಳನ್ನು ಹೆಚ್ಚು ಕಾಡಿದ್ದು ಒಂದು ಪ್ರಶ್ನೆ: ಹೊತ್ತು ಮುಳುಗಿ ಬೀದಿಯಲ್ಲಿ ತಂಗಾಳಿ ಬೀಸುವಾಗಲೂ ಮನೆಯೊಳಗೆ ಯಾಕೆ ಈ ಕುದಿ? ಒಂದು ಸಂಜೆ ಗೋಡೆಗೋಡೆಗೂ ಅಂಗೈ ಒತ್ತಿ ನೋಡಿದಳು. ಪಡುವಣ ಗೋಡೆ ಬಿಸಿ. ಸ್ಟೂಲು ಹತ್ತಿ ಮುಟ್ಟಿದರೆ ಸೂರು ಅದಕ್ಕಿಂತ ಬಿಸಿ.

"ಏನೇ, ಮನೆಗೆ ಜ್ವರ ಬಂದಿದ್ಯಾ?" ಅತ್ತೆ ನಕ್ಕರು.

"ಹೂಂ ಅತ್ತೆ. ಹಗಲೆಲ್ಲ ಬಿಸಿಲು ಕುಡಿದು, ಈಗ ನಮ್ಮ ಮೇಲೆ ಕಕ್ತಾ ಇದೆ."

ಮೊದಲು ಪಡುವಣ ಕಿಟಕಿಗೆ ದಪ್ಪ ಪರದೆ ಹೊಲಿದಳು. ಪರದೆ ಕಾಯಿತೇ ಹೊರತು ಕೋಣೆ ತಣಿಯಲಿಲ್ಲ. "ಕಳ್ಳ ಒಳಗೆ ಬಂದ್ಮೇಲೆ ಬಾಗಿಲು ಹಾಕಿದ ಹಾಗಾಯ್ತು" ಎಂದು ಅದನ್ನೇ ಕಿಟಕಿಯ ಹೊರಗೆ ಕಟ್ಟಿದಳು. ಅಂದು ಗಾಜು ಸುಡಲಿಲ್ಲ.

ಹುರುಪು ಹೆಚ್ಚಿತು. ಮಾಳಿಗೆಯ ಮೇಲೆಲ್ಲ ಹಳೆಯ ಕಪ್ಪು ಟಾರ್ಪಾಲು ಹಾಸಿದಳು. ಎಡವಟ್ಟಾಯಿತು! ಟಾರ್ಪಾಲು ಕೆಂಡದಂತೆ ಕಾದು ಸೂರನ್ನು ಇನ್ನಷ್ಟು ಕಾಯಿಸಿತು.

"ಕಂಬಳಿ ಹೊದಿಸಿದ್ರೆ ಜ್ವರ ಇಳಿಯತ್ತೇನೇ?" ಎಂದರು ಅತ್ತೆ, ಮೆಟ್ಟಿಲಿಂದಲೇ.

ಹ್ಯಾಪುಮೋರೆ ಹಾಕಿಕೊಂಡು ಟಾರ್ಪಾಲು ಸುತ್ತಿಟ್ಟಳು. ಮರುದಿನ ಮಧ್ಯಾಹ್ನ, ಎರಡು ತಂತಿಗಳ ಮೇಲೆ ಅಗಲವಾಗಿ ಹರವಿದ್ದ ಬೆಡ್‌ಶೀಟು ತೆಗೆಯಲು ಬರಿಗಾಲಲ್ಲಿ ಮಾಳಿಗೆಗೆ ಹೋದಳು. ಅಂಗಾಲು ಚುರ್ರೆಂದು, ಕುಪ್ಪಳಿಸುತ್ತಾ ಬೆಡ್‌ಶೀಟಿನ ಅಡಿಗೆ ನುಗ್ಗಿದರೆ ನೆಲ ತಣ್ಣಗಿದೆ! ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬಟ್ಟೆ ನೆಲಕ್ಕೆ ತಾಗಿರಲಿಲ್ಲ. ನಡುವೆ ಗಾಳಿ ಸಲೀಸಾಗಿ ಹಾಯುತ್ತಿತ್ತು.

"ಹಾಸೋದಲ್ಲ, ಎತ್ತಿ ಕಟ್ಬೇಕು!" ಎಂದು ಒಬ್ಬಳೇ ಕೂಗಿಕೊಂಡಳು.

ಗಂಡ ಬಿದಿರು ತಂದು ಸೊಂಟದೆತ್ತರಕ್ಕೆ ಚಪ್ಪರ ಕಟ್ಟಿದ. ಅವಳು ಬಿಳಿ ಚೀಲಗಳನ್ನು ಜೋಡಿಸಿ ಹೊಲಿದು ಅದರ ಮೇಲೆ ಹೊದಿಸಿದಳು. ವಾರ ಕಳೆಯುವಷ್ಟರಲ್ಲಿ ಸುಂಟರಗಾಳಿ ಎದ್ದು ಇಡೀ ಹೊದಿಕೆ ಹಾರಿಹೋಗಿ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಮುಸುಕು ಹಾಕಿತು. ಅದನ್ನು ಬೇಡಿ ತಂದು, ಗಾಳಿ ನುಸುಳಲು ಅಲ್ಲಲ್ಲಿ ಸೀಳು ಬಿಟ್ಟು, ಅಂಚಿಗೆ ಹಗ್ಗ ಸೇರಿಸಿ ಮತ್ತೆ ಹೊಲಿದಳು. ಚಪ್ಪರದಡಿಯ ನೆಲಕ್ಕೂ ಸುಣ್ಣ ಬಳಿದಳು.

ಪವಾಡವೇನೂ ನಡೆಯಲಿಲ್ಲ, ಬೇಸಿಗೆ ಬೇಸಿಗೆಯೇ. ಆದರೆ ಸಂಜೆ ಸೂರು ಕೈಗೆ ಹಿತವಾಗಿತ್ತು. ಫ್ಯಾನು ಹಾಕಿದರೆ ಝಳ ಬಡಿಯುವ ಬದಲು ಗಾಳಿ ಬರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಮೇಲೆ ಬಂದು ಮಿಷಿನ್ನಿನ ಪಕ್ಕ ಚಾಪೆ ಬಿಡಿಸಿದರು.

"ಆ ಟಕಟಕ ಸ್ವಲ್ಪ ನಿಲ್ಸೇ ಮಾರಾಯ್ತಿ. ಕೆಳಗೆ ನಿದ್ದೆನಾದ್ರೂ ಬರ್ತಿತ್ತು" ಎಂದು ಗೊಣಗಿದರು. ಗೊಣಗು ಮುಗಿಯುವ ಮೊದಲೇ ಗೊರಕೆ ಶುರುವಾಯಿತು.

ಸೊಸೆ ನಗು ನುಂಗಿಕೊಂಡು, ಪೆಡಲಿನಿಂದ ಕಾಲು ತೆಗೆದು, ಅಂಗಿಗೆ ಗುಂಡಿ ಹಚ್ಚುವ ಕೈಕೆಲಸ ಎತ್ತಿಕೊಂಡಳು.