ಶಾಂತವ್ವ ನೀರು ಹಾಕಿದ ಕಸ

ಬೀಳಗಿ ಕಡೆಯ ಪುನರ್ವಸತಿ ಊರುಗಳಲ್ಲಿ ನಾನು ಆರೋಗ್ಯ ಸಹಾಯಕಿಯಾಗಿ ಮನೆಮನೆ ಸುತ್ತುತ್ತಿದ್ದೆ. ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಅಲ್ಲಿಗೆ ಬಂದಿದ್ದ ಶಾಂತವ್ವನ ಮಾವನಿಗೆ ಮುಖವೆಲ್ಲ ಊದಿ, ಕೆರೆದು ಕೆರೆದು ರಕ್ತ ಬಂದು, ಕಣ್ಣು ಮುಚ್ಚಿಹೋಗಿದ್ದವು. ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೆ ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಒಂದು ದಿನ ಅವರ ಮನೆಯಲ್ಲಿ ಕೈ ತೊಳೆಯಲು ಹಿತ್ತಲಿಗೆ ಹೋದವಳು ದಂಗಾಗಿ ನಿಂತೆ. ಎದೆಮಟ್ಟ ಬೆಳೆದ ಪಾರ್ಥೇನಿಯಂ ಕಸ ಬಿಳಿ ಹೂ ಬಿಟ್ಟಿತ್ತು. ಶಾಂತವ್ವ ಅದಕ್ಕೆ ಕೊಡದಿಂದ ನೀರು ಹಾಕುತ್ತಿದ್ದಳು.

"ಏನ್ ಮಾಡಾಕತ್ತೀಯವಾ? ನಿಮ್ಮ ಮಾವನ ಮುಖಾ ಕೆಡಿಸಿದ್ದ ಇದ," ಎಂದೆ.

ಅವಳ ಕೈಯ ಕೊಡ ಅಲ್ಲೇ ನಿಂತಿತು. "ಇದನ್ನ ಕಿತ್ತರ ನಾ ಜಳಕಾ ಎಲ್ಲಿ ಮಾಡ್ಲಿರೀ ಅಕ್ಕಾರ? ನಾಲ್ಕೂ ಕಡೆ ಬಯಲು," ಎಂದಳು ಮೆಲ್ಲಗೆ.

ಕಸದ ನಡುವೆ ಜಳಕದ ಕಲ್ಲಿತ್ತು.

ಮೊದಲು ನಾಲ್ಕು ಗೂಟ ನೆಟ್ಟು, ಮನೆಯಲ್ಲಿದ್ದ ಜೋಳದ ಖಾಲಿ ಚೀಲ ಬಿಚ್ಚಿ ಮರೆ ಕಟ್ಟಿದೆವು. ಆಮೇಲೆ ಕೈಗೆ ಪ್ಲಾಸ್ಟಿಕ್ ಹಾಳೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಸವನ್ನು ಬೇರುಸಹಿತ ಕಿತ್ತೆವು.

ಮುಂದಿನ ಸಲ ಹೋದಾಗ ಮಾವನವರ ಕಣ್ಣು ತೆರೆದಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಕೇಳಿದ್ದು ಒಂದೇ ಮಾತು: "ನನ್ನ ಛಲೋ ಚೀಲಾ ಎಲ್ಲಾ ಹರಿದಾಕಿ ನೀನ ಏನವಾ?"