ಗೌರಿಯ ಬೋಣಿ

ಸಂತೆಯ ದಿನ, ಬೆಳಗಿನ ಏಳು ಗಂಟೆ. ನೇಸರಗಿಯ ಪೇಟೆಯಲ್ಲಿ ಹೊಸ ತಗಡಿನ ಅಂಗಡಿಗಳ ಮುಂದೆ ಇದ್ದವರು ಅಪ್ಪ, ನಾನು, ತಂಗಿ ಗೌರಿ ಮತ್ತು ನಮ್ಮ ಸಾಲಿನ ವ್ಯಾಪಾರಸ್ಥರು. ನನಗೆ ಹತ್ತು ವರ್ಷ, ಗೌರಿಗೆ ಆರು.

ಆ ದಿನಗಳಲ್ಲಿ ಕಣ್ಣು ಮುಚ್ಚಿ ನಡೆದರೂ ಪೇಟೆಯಲ್ಲಿ ದಾರಿ ತಪ್ಪುತ್ತಿರಲಿಲ್ಲ. ಮೊದಲು ಮೆಣಸಿನಕಾಯಿಯ ಘಾಟು, ಆಮೇಲೆ ಬೆಲ್ಲ, ಕೊನೆಗೆ ಅಪ್ಪನ ಅಂಗಡಿಯ ಹಗ್ಗದ ವಾಸನೆ. ಆ ಬೇಸಿಗೆಯಲ್ಲಿ ಮಾತ್ರ ಎಲ್ಲೆಡೆ ಒಂದೇ ವಾಸನೆ, ಸುಟ್ಟಿದ್ದರದು. ಒಂದು ಮಧ್ಯಾಹ್ನ ಹತ್ತಿದ ಬೆಂಕಿ ನಮ್ಮ ಸಾಲನ್ನು ಪೂರ್ತಿ ನುಂಗಿತ್ತು.

ಜನ ಕೈಬಿಡಲಿಲ್ಲ. ಬೆಂಕಿ ತಾಗದ ಅಂಗಡಿಯವರು ತಗಡು, ಬಿದಿರು ಕೊಟ್ಟರು. ಬೈಲಹೊಂಗಲದ ಸಗಟು ವ್ಯಾಪಾರಿಗಳು ಉದ್ರಿ ಮಾಲು ಕಳಿಸಿದರು. ಅಂಗಡಿಗಳು ಎದ್ದವು, ಗಿರಾಕಿಗಳು ಬರಲಿಲ್ಲ. ಸುಟ್ಟ ಪೇಟೆಯಲ್ಲಿ ಕೊಂಡದ್ದು ಶುಭವಲ್ಲವೆಂದು ಬೇರೆ ಸಂತೆಗೆ ಹೋದರು. ಆಗ ಜಿಲೇಬಿ ಸಿದ್ದಪ್ಪ ಕಾಕಾ ಒಂದು ಉಪಾಯ ಹೇಳಿದ.

"ಹಗ್ಗದವರ ಗೌರವ್ವನ ಕೈಗುಣ ಛಲೋ ಐತಿ. ಅಕಿ ನನ್ನ ಕಡೆ ಬೋಣಿ ಮಾಡಿದ ದಿನಾ ಒಂದ ಜಿಲೇಬಿನೂ ಉಳದಿಲ್ಲ. ಎಲ್ಲಾ ಅಂಗಡಿ ಬೋಣಿ ಅಕಿ ಕೈಲೇನ ಆಗ್ಲಿ."

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಅಪ್ಪನಿಗೆ ಅದೊಂದು ಪೂಜೆ. ಕಸ, ನೀರು, ಊದಿನಕಡ್ಡಿ, ಬೋಣಿ. ಈ ಕ್ರಮ ತಪ್ಪುವಂತಿರಲಿಲ್ಲ. ನಾನು ಇಂದಿಗೂ ದಿನದ ಕೆಲಸಗಳನ್ನು ಸಾಲಾಗಿ ಹಚ್ಚಿಕೊಳ್ಳುವುದು ಅಪ್ಪನಿಂದ ಕಲಿತದ್ದು.

ಆ ಸಂತೆಯ ಬೆಳಿಗ್ಗೆ ಗೌರಿ ಒಂದೊಂದೇ ಅಂಗಡಿಗೆ ಹೋಗಿ ಹತ್ತು ಪೈಸೆ ಕೊಟ್ಟು ಚೂರುಪಾರು ಕೊಂಡಳು. ಎಲ್ಲರೂ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. ಜವಳಿ ಮಲ್ಲಪ್ಪ ಹಸಿರು ಲಂಗದ ಬಟ್ಟೆ ಕೊಟ್ಟು, "ಬಂಗಾರದ ಕೈ ನಮ್ಮವ್ವಂದು" ಎಂದ. ಅಂದು ಮಧ್ಯಾಹ್ನದ ಹೊತ್ತಿಗೆ ಜನ ಬಂದರು. ಮದುವೆಯ ಕಾಲ, ಹೇಗೂ ಬರುತ್ತಿದ್ದರೇನೋ. ಹೆಸರು ಮಾತ್ರ ಗೌರಿಗೆ ಬಂತು. ರಾತ್ರಿ ಅವಳು ಬಲಗೈಯನ್ನು ತಲೆದಿಂಬಿನ ಮೇಲಿಟ್ಟುಕೊಂಡು ಮಲಗಿದಳು.

ಮುಂದಿನ ಸಂತೆಗೂ ಅವಳದೇ ಬೋಣಿ. ಆದರೆ ಅಂದು ಸಂಜೆ ಬಿರುಗಾಳಿ ಮಳೆ ಬಂದು ತಗಡು ಹಾರಿದವು. ಉದ್ರಿ ತಂದ ಜವಳಿಯೆಲ್ಲ ಕೆಸರಾಯಿತು. ಈ ಹೆಸರೂ ಗೌರಿಗೇ ಬಂತು.

ಅದರ ಮುಂದಿನ ಸಂತೆಯ ಬೆಳಿಗ್ಗೆ ಗೌರಿ ಹಸಿರು ಲಂಗ ಉಟ್ಟು, ನಾಣ್ಯ ಹಿಡಿದು ಮಲ್ಲಪ್ಪನ ಅಂಗಡಿಯ ಮುಂದೆ ನಿಂತಳು.

"ಏ, ಅಲ್ಲೇ ನಿಂದ್ರ. ಒಳಗ ಬರಬ್ಯಾಡ."

ಅವಳು ಸಿದ್ದಪ್ಪನಲ್ಲಿಗೆ ಓಡಿದಳು. ಅವನು ಕೊಡ ಎತ್ತಿ, ಅವಳು ನಿಂತಿದ್ದ ಮೆಟ್ಟಿಲಿಗೆ ನೀರು ಸುರುವಿದ. ಗೌರಿ ನಕ್ಕಳು.

"ಕಾಕಾ, ನನ್ನ ಕಾಲ ತೊಳದ್ರಿ?"

ಸಾಲಿನವರೆಲ್ಲ ನಕ್ಕರು. ಅವರು ಯಾಕೆ ನಕ್ಕರೆಂದು ತಿಳಿಯದೆ ಗೌರಿ ಇನ್ನಷ್ಟು ನಕ್ಕಳು.

ಮಲ್ಲಪ್ಪ ಅಪ್ಪನಿಗೆ ಎಲ್ಲರೆದುರೇ ಹೇಳಿದ: "ನೋಡಪಾ, ಮಗಳನ್ನ ಮನ್ಯಾಗ ಇಟ್ಕೋ. ಇಲ್ಲಂದ್ರ ನಿನ್ನ ಅಂಗಡಿ ಊರ ಹೊರಗ ಹಚ್ಚು. ನಮ್ಮ ಸಾಲಿನ್ಯಾಗ ಬ್ಯಾಡ."

ಅಪ್ಪ ಕಸ ಹೊಡೆದ, ನೀರು ಚಿಮುಕಿಸಿದ, ಊದಿನಕಡ್ಡಿ ಹಚ್ಚಿದ. ಗೌರಿ ಬಂದು ಕೈ ಚಾಚಿದಳು.

"ಅಪ್ಪಾ, ನಮ್ಮದರ ನಾನ ಮಾಡ್ಲಿ?"

ಸಾಲಿನವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು. ಅಪ್ಪ ಅವಳ ಬೆರಳು ಬಿಡಿಸಿ ನಾಣ್ಯ ತೆಗೆದು ನನ್ನ ಕೈಗಿಟ್ಟ.

"ನಿಮ್ಮಕ್ಕ ಮಾಡ್ತಾಳ. ನೀ ಮನಿಗೆ ನಡಿ."

ಗೌರಿ ಅಪ್ಪನ ಮುಖ ನೋಡಿದಳು. ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೋದಳು. ನಾನು ಒಂದು ಗೇಣು ಹಗ್ಗ ಕೊಂಡೆ. ಅಪ್ಪ ನಾಣ್ಯವನ್ನು ಕಣ್ಣಿಗೊತ್ತಿಕೊಂಡ. ಅಂದು ವ್ಯಾಪಾರ ಚೆನ್ನಾಗಿಯೇ ಆಯಿತು, ಎಲ್ಲರ ಮಾತೂ ನಿಜವಾದಂತಾಯಿತು. ಸಂಜೆ ಮಲ್ಲಪ್ಪ ಲಂಗ ವಾಪಸು ಕೇಳಿ ಕಳಿಸಿದ. ಅವ್ವ ಒಗೆದು ಮಡಚಿ ಕೊಟ್ಟಳು. ಅವನು ಅದನ್ನು ಝಾಡಿಸಿ ಮಾರುವ ಬಟ್ಟೆಗಳ ನಡುವೆ ಇಟ್ಟುಕೊಂಡ.

ಪೇಟೆ ದೀಪಾವಳಿಯ ಹೊತ್ತಿಗೆ ಎದ್ದು ನಿಂತಿತು. ಈಗ ಅಲ್ಲಿ ಆರ್‌ಸಿಸಿ ಅಂಗಡಿಗಳು, ಹೆಜ್ಜೆಗೊಂದು ಸ್ಕ್ಯಾನರ್. ಮಲ್ಲಪ್ಪ, ಸಿದ್ದಪ್ಪ, ಅಪ್ಪ ಯಾರೂ ಇಲ್ಲ. ಮೆಣಸಿನಕಾಯಿ, ಬೆಲ್ಲದ ವಾಸನೆಯೂ ಇಲ್ಲ. ಎಲ್ಲ ಪ್ಲಾಸ್ಟಿಕ್ ಚೀಲದೊಳಗೆ ಸೇರಿವೆ.

ಮೊನ್ನೆ ಗೌರಿಯೊಂದಿಗೆ ಪೇಟೆಗೆ ಹೋಗಿದ್ದೆ. ಬ್ಯಾಂಕು, ಗಿರಣಿ, ಔಷಧಿ ಮುಗಿಸಿದೆವು. ಉಳಿದದ್ದು ಅವಳ ಮೊಮ್ಮಗಳ ಲಂಗಕ್ಕೆ ಬಟ್ಟೆ. ಅಂಗಡಿಯ ಹುಡುಗ ತಡವಾಗಿ, ಆಗಷ್ಟೇ ಬಾಗಿಲು ತೆಗೆದಿದ್ದ.

"ಬರ್ರಿ ಅವ್ವಾರ, ಒಳಗ ಬರ್ರಿ."

"ಬೋಣಿ ಆಗೇತೇನಪಾ?" ಎಂದು ಗೌರಿ ಕೇಳಿದಳು.

"ಇಲ್ರಿ, ನೀವ ಮಾಡ್ರಿ."

ಅವಳು ಮೆಟ್ಟಿಲಿಳಿದು ರಸ್ತೆಯ ಬದಿಗೆ ಬಿಸಿಲಲ್ಲಿ ನಿಂತಳು. ಬಲಗೈ ಸೆರಗಿನೊಳಗಿತ್ತು. ನಾನು ಒಳಗೆ ಹೋಗಿ ಬೇಡದಿದ್ದರೂ ಒಂದು ಕರವಸ್ತ್ರ ಕೊಂಡೆ. ಹುಡುಗ ನೋಟನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಗೌರಿ ಒಳಗೆ ಬಂದು ಬಟ್ಟೆ ಆರಿಸಿದಳು.