ಸುರೈಯಾಳ ಹೊಸ ಭಾಂಡೆ

ಸುರೈಯಾ ಮೂವರು ಅಕ್ಕಂದಿರ ನಂತರ ಹುಟ್ಟಿದವಳು. ಅವಳ ಪಾಲಿಗೆ ಬಂದ ಲಂಗ, ಪಾಟಿಚೀಲ, ಚಪ್ಪಲಿ ಎಲ್ಲವೂ ಮೊದಲು ಇನ್ಯಾರೋ ಬಳಸಿ ಬಿಟ್ಟಂಥವು. ತೊರವಿಯ ಆ ಮನೆಯಲ್ಲಿ ಅದನ್ನೊಂದು ಕೊರತೆಯೆಂದು ಯಾರೂ ಎಣಿಸಿರಲಿಲ್ಲ. ಆದರೆ ಸ್ಟೇಷನ್ ರಸ್ತೆಯ ಟೇಲರಿಂಗ್ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಪರರ ಮದುವೆಯ ಜಂಪರ ಹೊಲಿದ ಮೇಲೆ, ತಿಕೋಟಾದ ಆಫ್ತಾಬನ ಜೊತೆ ತನ್ನ ನಿಕಾಹ ಗೊತ್ತಾದಾಗ ಅವಳು ತಾಯಿ ರಹಿಮಾಬಿಯ ಹತ್ತಿರ ಒಂದೇ ಮಾತು ಹೇಳಿದಳು.

"ಅಮ್ಮಾ, ಬಂಗಾರ ಬ್ಯಾಡ. ಭಾಂಡೆ ಮಾತ್ರ ಹೊಸಾವು ಇರ್ಲಿ."

ಹೊಲಿಗೆಯ ದುಡಿಮೆಯಲ್ಲಿ ಉಳಿಸಿದ್ದನ್ನೆಲ್ಲ ಕಟ್ಟಿಕೊಂಡು ತಾಯಿ ಮಗಳು ಪಾತ್ರೆ ಅಂಗಡಿಗೆ ಹೋದರು. ದಪ್ಪ ತಳದ ತಪೇಲಿಗಳು, ಕುಕ್ಕರು, ಮಿಕ್ಸರು, ಊಟದ ತಟ್ಟೆಗಳು. ಒಂದೊಂದನ್ನೂ ಬೆರಳಿನಿಂದ ಬಡಿದು ಸದ್ದು ಕೇಳಿ ರಹಿಮಾಬಿ ಆರಿಸಿದಳು. ತಟ್ಟೆಗಳ ಅಂಚಿಗೆ ಅಂಗಡಿಯವನು ಮಷಿನ್ನಿನಿಂದ ಸುರೈಯಾ ಎಂದು ಹೆಸರು ಕೊರೆದುಕೊಟ್ಟ.

ಆಫ್ತಾಬ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದ. ಮದುವೆ ಮುಗಿಸಿ ಅವನು ಮೊದಲು ಹೋದ, ವೀಸಾ ಬಂದ ಮೇಲೆ ಸುರೈಯಾ ಹೋಗುವುದೆಂದಾಯಿತು. ಸಂಸಾರದ ಸಾಮಾನು ಹಡಗಿನಲ್ಲಿ ತರಿಸಿಕೊಳ್ಳಲು ಕಂಪನಿ ಒಪ್ಪಿತ್ತು. ಒಂದು ದಿನ ಫೋನಿನಲ್ಲಿ ಅವನು ಹೇಳಿದ:

"ಬಳಸಿದ ಸಾಮಾನಿಗೆ ಇಲ್ಲಿ ಸುಂಕ ಇಲ್ಲ. ಹೊಸಾವು ಕಂಡ್ರ ಕಸ್ಟಮ್ಸ್‌ನವ್ರು ಬಿಡೂದಿಲ್ಲ. ವೀಸಾ ಬರೂತನಕ ಮನ್ಯಾಗ ಅವನ್ನ ಬಳಸ್ರಿ, ಹಳೇವು ಆಗ್ಲಿ."

"ಹೊಸಾವು ಅಂತನ ಬರದು ಸುಂಕ ಕಟ್ಟಿದ್ರ ಆಗೂದಿಲ್ಲೇನ್ರಿ? ನಾನ ಕಟ್ತೇನಿ."

ಆಫ್ತಾಬ ನಕ್ಕ. "ಮದಿವಿ ಆಗಿದ್ದು ನನ್ನ ಜೋಡಿ. ಉಡುಗೊರಿ ಇಲ್ಲಿನ ಸರ್ಕಾರಕ್ಕ ಕೊಡ್ತಿಯೇನು?"

ಮರುದಿನವೇ ತಿಕೋಟಾದ ಮನೆಯಲ್ಲಿ ಅತ್ತೆ ಗುಲಶನ ಹೊಸ ತಪೇಲಿಯನ್ನು ಒಲೆಗೇರಿಸಿದಳು. ಸಂಜೆ ಸುರೈಯಾ ಅದನ್ನು ತಿಕ್ಕಲು ಕೂತರೆ ಅತ್ತೆ ಕೈ ಹಿಡಿದಳು. "ಉಜ್ಜಬ್ಯಾಡ ಬೇ. ಕರಿ ಇರ್ಲಿ. ಹಳೇದು ಕಾಣಬೇಕಲ್ಲ."

ಸುರೈಯಾ ಆ ಮಾತನ್ನು ಕೇಳಿಯೂ ಕೇಳದವಳಂತೆ ಬಚ್ಚಲಿಗೆ ಒಯ್ದು ಒಳಗಡೆಯನ್ನಾದರೂ ಹೊಳೆಯುವ ಹಾಗೆ ತೊಳೆದಿಟ್ಟಳು. ಆಗಾಗ ಬಬಲೇಶ್ವರದಿಂದ ನಾದಿನಿ ಜೀನತ ಬರುತ್ತಿದ್ದಳು. ತನ್ನ ಅತ್ತೆಮಾವನಿಂದ ಆಗಷ್ಟೇ ಬೇರೆಯಾಗಿ ಸಂಸಾರ ಹೂಡಿದವಳು. ಊಟಕ್ಕೆ ಕೂತಾಗ ತಟ್ಟೆಯನ್ನು ಎತ್ತಿ ಭಾರ ನೋಡಿ, "ಭಾಬಿ, ಚಲೋ ಅದಾವ ನೋಡ್ರಿ," ಎನ್ನುತ್ತಿದ್ದಳು. ಸುರೈಯಾಳಿಗೆ ಅದು ಹೆಮ್ಮೆಯೇ ಆಗುತ್ತಿತ್ತು.

ವೀಸಾ ಬಂತು. ವಿಜಯಪುರದ ಸಾಗಣೆ ಆಫೀಸಿನಲ್ಲಿ, ಎಲ್ಲವೂ ತಾನು ಬಳಸಿದ ಹಳೆಯ ಸಾಮಾನು ಎಂಬ ಹೇಳಿಕೆಗೆ ಅವಳು ಸಹಿ ಮಾಡಿದಳು. ಸುಳ್ಳು ಬರೆದೆನೆಂಬ ಅಳುಕು ಮನಸ್ಸನ್ನು ಬಿಡಲಿಲ್ಲ. ತಾಯಿಯ ಜೊತೆ ಕೊನೆಯ ಕೆಲವು ದಿನ ಇದ್ದುಬರಲು ತೊರವಿಗೆ ಹೋದಾಗ, ತಿಕೋಟಾದಲ್ಲಿ ಅತ್ತೆಯೇ ಪೆಟ್ಟಿಗೆ ಕಟ್ಟಿಸಿ ಟೆಂಪೊ ಹತ್ತಿಸಿದಳು.

ಮಸ್ಕತ್ತಿನ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚುವ ದಿನ ಸುರೈಯಾ ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ತಪೇಲಿಯ ಹೊಳಪು ಕಂಡು ಅಧಿಕಾರಿ ಕೇಳಿದರೆ ಏನು ಹೇಳುವುದು? ಕೇಳಿದರೆ ನಿಜವನ್ನೇ ಹೇಳಿಬಿಡುವುದೆಂದು ಗಟ್ಟಿಮಾಡಿಕೊಂಡಿದ್ದಳು. ಅಧಿಕಾರಿ ಚಾಕುವಿನಿಂದ ಟೇಪು ಸೀಳಿ, ಕನ್ನಡ ಪೇಪರು ಬಿಡಿಸಿ, ಒಂದು ಪಾತ್ರೆ ಎತ್ತಿದ.

ಹಿಡಿಕೆ ಮುರಿದು ತಂತಿ ಸುತ್ತಿದ ಕರಿ ತಪೇಲಿ. ಅದರ ಕೆಳಗೆ ಸೊಟ್ಟ ಮುಚ್ಚಳದ ಕುಕ್ಕರು. ಆಮೇಲೆ ಒಂದಕ್ಕೊಂದು ಜೋಡಿಯಿಲ್ಲದ ತಟ್ಟೆಗಳು, ಅಂಚಿನಲ್ಲಿ ಸವೆದ ಅಕ್ಷರ: ಗುಲಶನ.

ಅಧಿಕಾರಿ ಇನ್ನೊಂದು ಪೆಟ್ಟಿಗೆ ತೆಗೆಯುವ ಗೋಜಿಗೇ ಹೋಗಲಿಲ್ಲ. ಪಕ್ಕದಲ್ಲಿದ್ದ ಏಜೆಂಟನಿಗೆ ಏನೋ ಹೇಳಿದ. ಏಜೆಂಟ ಹಿಂದಿಯಲ್ಲಿ ಆಫ್ತಾಬನಿಗೆ ತಿಳಿಸಿದ: ಇಂಥದನ್ನು ಸಮುದ್ರ ದಾಟಿಸಿ ಯಾಕೆ ತಂದಿರಿ ಎಂದು ಸಾಹೇಬರು ಕೇಳುತ್ತಿದ್ದಾರೆ. ಇಬ್ಬರೂ ನಕ್ಕರು. ಆಫ್ತಾಬನೂ ನಕ್ಕ.

ಅವಳ ಸುಳ್ಳನ್ನು ಅವಳಿಗೆ ಹೇಳದೆಯೇ ಯಾರೋ ನಿಜ ಮಾಡಿಟ್ಟಿದ್ದರು.

ಗಾಡಿಯಲ್ಲಿ ಕೂತ ಮೇಲೆ ಅವಳು ಕೇಳಿದಳು. "ಇವು ನನ್ನ ಭಾಂಡೆ ಅಲ್ರಿ. ನಿಮಗ ಗೊತ್ತಿತ್ತೇನು?"

ಆಫ್ತಾಬ ರಸ್ತೆ ನೋಡುತ್ತಲೇ ಇದ್ದ. "ಅಮ್ಮಿ ಹೇಳಿದ್ಲು. ಜೀನತ ಬ್ಯಾರೆ ಮನಿ ಮಾಡ್ಯಾಳ, ಆಕಿ ಕಡೆ ಏನೂ ಇರಲಿಲ್ಲ. ಇಲ್ಲೇನು ಭಾಂಡೆ ಸಿಗೂದಿಲ್ಲೇನು? ತಗೊಳ್ಳೂಣು."

"ನನ್ನ ಒಂದು ಮಾತು ಕೇಳಬೇಕಿತ್ತಲ್ಲ."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ತಗೊಳ್ಳೋಣ ಎಂದದ್ದು ಮಾತಿನಲ್ಲೇ ಉಳಿಯಿತು. ಸುರೈಯಾ ತಂತಿ ಸುತ್ತಿದ ತಪೇಲಿಯಲ್ಲೇ ಅನ್ನಕ್ಕಿಟ್ಟಳು. ರಹಿಮಾಬಿ ಫೋನು ಮಾಡಿ ಭಾಂಡೆ ಮುಟ್ಟಿದವೇನು ಎಂದು ಕೇಳಿದಾಗ, "ಮುಟ್ಯಾವ ಅಮ್ಮಾ," ಎಂದಳು. ಕೆಲವು ತಿಂಗಳ ನಂತರ ತಾಯಿ ಆ ಮಾತು ಕೇಳುವುದನ್ನೇ ಬಿಟ್ಟಳು. ಮರೆತಿರಬೇಕು ಎಂದುಕೊಂಡಳು ಸುರೈಯಾ.

ಮರೆತಿರಲಿಲ್ಲ. ಎರಡು ವರ್ಷದ ಮೇಲೆ ರಜೆಗೆ ಬಂದ ಮಗಳಿಗೆ ರಹಿಮಾಬಿ ಬೆಂಡೆಕಾಯಿ ಹೆಚ್ಚುತ್ತ ಹೇಳಿದಳು.

"ಜೀನತಳ ಕೂಸಿಗೆ ಹೆಸರಿಟ್ಟು ಅಕೀಕಾದ ಊಟಕ್ಕ ಕರದಿದ್ರು, ಹೋಗಿದ್ದೆ. ಬಡಿಸಿದ್ರು. ಅನ್ನ ಸರದಂಗ ತಾಟಿನ ಅಂಚಿಗೆ ನಿನ್ನ ಹೆಸರು ಕಾಣ್ತು."

ಸುರೈಯಾ ಹೆಚ್ಚಿದ ಬೆಂಡೆಕಾಯಿಯನ್ನು ಬುಟ್ಟಿಗೆ ತುಂಬತೊಡಗಿದಳು.

"ನಿಮ್ಮತ್ತಿನ್ನ ಕೇಳಿದೆ. 'ನಿಮ್ಮ ಮಗಳು ಹಳೇವು ಅಂತ ತಾನ ಸಹಿ ಮಾಡ್ಯಾಳ, ಹಳೇ ಭಾಂಡೆ ಆಕಿಗೆ ಕಳಿಸೇವಿ, ಇನ್ನೇನು ಕೇಳ್ತೀರಿ' ಅಂದ್ಲು. ನಾಕು ಮಂದಿ ಮುಂದ. ಕೈ ತೊಳಕೊಂಡು ಬಂದೆ."

"ನನಗ ಯಾಕ ಹೇಳಲಿಲ್ಲಮ್ಮಾ?"

"ನೀ ಯಾಕ ಹೇಳಲಿಲ್ಲ?"

ಮರುದಿನ ಇಬ್ಬರೂ ಬಬಲೇಶ್ವರಕ್ಕೆ ಹೋದರು. ಸುರೈಯಾ ಕಟ್ಟೆಯ ಮೇಲೆ ಕೂರದೆ, ನೀರು ಮುಟ್ಟದೆ, ನಿಂತುಕೊಂಡೇ ಹೇಳಿದಳು. "ಜೀನತ, ನನ್ನ ಭಾಂಡೆ ತಗೊಂಡು ಬಾ."

ಜೀನತ ವಾದಿಸಲಿಲ್ಲ. ಒಳಗೆ ಹೋಗಿ ಒಂದೊಂದೇ ತಂದು ಅಂಗಳದಲ್ಲಿಟ್ಟಳು. ತಳ ಸುಟ್ಟು ಉಬ್ಬಿದ ತಪೇಲಿ. ಜಾರ್ ಬಿರುಕುಬಿಟ್ಟ ಮಿಕ್ಸರು. ಒಂದು ತಟ್ಟೆಯಲ್ಲಿ ಕೋಳಿಗಳಿಗೆ ಕಾಳು ಹಾಕಿ ಹಾಕಿ ಹೆಸರೇ ಗೀಚಿಹೋಗಿತ್ತು. ಸುರೈಯಾ ಬಗ್ಗಿ ಆ ತಟ್ಟೆಯನ್ನು ಎತ್ತಿದಳು, ನೋಡಿದಳು, ಮತ್ತೆ ಅಲ್ಲೇ ಇಟ್ಟಳು.

"ಇರ್ಲಿ, ನೀನ ಇಟ್ಗೊ," ಎಂದಳು.

ರಹಿಮಾಬಿ ಸೆರಗು ಸರಿಮಾಡಿಕೊಂಡು ಮಗಳ ಹಿಂದೆ ನಡೆದಳು.

ವಿಜಯಪುರದ ಬಸ್ಸಿನಲ್ಲಿ ದ್ರಾಕ್ಷಿತೋಟಗಳು ಹಿಂದೆ ಸರಿಯುತ್ತಿದ್ದಾಗ ತಾಯಿ ಮಗಳ ತೊಡೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು. "ತಿರುಗಿ ಹೋಗೂದು ಬ್ಯಾಡ ಅನ್ನಸ್ತೈತೇನು? ನಮ್ಮ ಮನ್ಯಾಗ ಇರು. ಹೊಲಿಗಿ ಐತಿ."

ಅಷ್ಟರಲ್ಲೇ ಆಫ್ತಾಬನ ಫೋನು ಬಂತು.

"ಬರೂಮುಂದ ಶೇಂಗಾ ಚಟ್ನಿ ತಗೊಂಡು ಬಾ. ಎಲ್ಲಿದ್ದೀ?"

"ಬಬಲೇಶ್ವರಕ್ಕ ಹೋಗಿದ್ದೆ. ಜೀನತಳ ಮನಿಗೆ."

ಭಾಂಡೆಯ ಬಗ್ಗೆ ಅವನೇನಾದರೂ ಹೇಳಿಯಾನೆಂದು ಅವಳು ಕಾದಳು. ಒಂದೇ ಒಂದು ಮಾತು ಸಾಕಿತ್ತು.

"ಕೂಸು ಹೆಂಗೈತಿ?" ಎಂದು ಆಫ್ತಾಬ ಕೇಳಿದ.

"ಚಲೋ ಐತಿ," ಎಂದಳು ಸುರೈಯಾ.

ರಹಿಮಾಬಿ ಮಗಳ ತೊಡೆಯ ಮೇಲಿದ್ದ ತನ್ನ ಕೈಯನ್ನು ತೆಗೆದು ಕಿಟಕಿಯ ಕಡೆ ಹೊರಳಿದಳು.